ರಾತ್ರಿ ಪಾಳಿಯಲ್ಲೇ ಕೂಗುತ್ತಿದ್ದ ಹೈಡ್ರೋಜನ್ ಅಲಾರಂ

ಪುಣೆಯ ಭೋಸರಿಯಲ್ಲಿರುವ ನಮ್ಮ ವರ್ಕ್‌ಶಾಪಿನ ಅನೀಲಿಂಗ್ ಫರ್ನೇಸಿಗೆ (ಲೋಹವನ್ನು ಕಾಯಿಸಿ ಮೆದುಗೊಳಿಸುವ ಕುಲುಮೆ) ಅರ್ಧ ಇಂಚಿನ ಸ್ಟೀಲ್ ಟ್ಯೂಬಿನಲ್ಲಿ ಹೈಡ್ರೋಜನ್ ಬರುತ್ತದೆ. ಚಳಿಗಾಲ ಶುರುವಾದಾಗಿನಿಂದ ಛಾವಣಿಯ ಡಿಟೆಕ್ಟರ್ ರಾತ್ರಿ ಮಾತ್ರ ಕೂಗುತ್ತಿತ್ತು, 10% ಎಲ್‌ಇಎಲ್‌ಗೆ. ಎಲ್‌ಇಎಲ್ ಅಂದರೆ ಬೆಂಕಿ ಹತ್ತಲು ಗಾಳಿಯಲ್ಲಿ ಇರಬೇಕಾದ ಗ್ಯಾಸಿನ ಕನಿಷ್ಠ ಪ್ರಮಾಣ; ಅದರ 10% ಅಂದರೆ ಗಾಳಿಯಲ್ಲಿ 0.4% ಹೈಡ್ರೋಜನ್. ಬೆಂಕಿ ಹತ್ತುವುದು 4%ರಿಂದ.

ಡಿಟೆಕ್ಟರ್ ಕ್ಯಾಲಿಬ್ರೇಟ್ ಮಾಡಿಸಿದೆವು, ಅದು ಸರಿಯಾಗಿಯೇ ಇತ್ತು. ಸೋಪಿನ ನೀರಿಗೆ ಗುಳ್ಳೆ ಬರಲಿಲ್ಲ. ನಟ್‌ಗಳನ್ನು ಇನ್ನೂ ಬಿಗಿ ಮಾಡಿದೆವು, ಅದಂತೂ ಶುದ್ಧ ತಪ್ಪು. ನೈಟ್ರೋಜನ್ 10 ಬಾರ್ ತುಂಬಿ ಬೆಳಿಗ್ಗೆ ನೋಡಿದರೆ ಸುಮಾರು 0.3 ಬಾರ್ ಇಳಿದಿತ್ತು. ಆದರೆ ತಾಪಮಾನ 10 ಡಿಗ್ರಿ ಇಳಿದರೆ ಸೋರಿಕೆ ಇಲ್ಲದೆಯೂ ಅಷ್ಟು ಇಳಿಯುತ್ತದೆ ಅಲ್ವಾ.

ಕೊನೆಗೆ ಕೆಲಸ ಮಾಡಿದ್ದು 5% ಹೈಡ್ರೋಜನ್, 95% ನೈಟ್ರೋಜನ್ ಮಿಶ್ರಣ. ಇದು ಗಾಳಿಯಲ್ಲಿ ಹತ್ತಿಕೊಳ್ಳುವುದಿಲ್ಲ. ಫರ್ನೇಸ್ ಆರಿಸಿ ತಣ್ಣಗಾಗಲು ಬಿಟ್ಟು, ಸಿಲಿಂಡರ್ ಮುಚ್ಚಿ, ಲೈನಿನ ಗ್ಯಾಸನ್ನು ಛಾವಣಿ ಮೇಲಿನ ವೆಂಟಿಗೆ ಬಿಟ್ಟೆವು. ಆಮೇಲೆ ನೈಟ್ರೋಜನ್‌ನಿಂದ ಪರ್ಜ್, ಅಂದರೆ ಲೈನಿನಲ್ಲಿ ಉಳಿದ ಗ್ಯಾಸನ್ನು ಹೊರಗೆ ತಳ್ಳಿದೆವು. ನಂತರ ಕೆಲಸದ ಒತ್ತಡಕ್ಕೆ ಮಿಶ್ರಣ ತುಂಬಿದೆವು. ಪ್ರತಿ ಜಾಯಿಂಟಿಗೆ ಟೇಪ್ ಸುತ್ತಿ, ಮೇಲ್ಭಾಗದಲ್ಲಿ ಸೂಜಿಯಿಂದ ತೂತು ಮಾಡಿ, 15 ನಿಮಿಷ ಕಾದು, ಕೈ ಡಿಟೆಕ್ಟರ್ ಹಿಡಿದೆವು. ಟೇಪ್ ಇಲ್ಲದಿದ್ದರೆ ಹೈಡ್ರೋಜನ್ ಸಿಗುವ ಮುಂಚೆಯೇ ಮೇಲೆ ಹಾರಿಹೋಗುತ್ತದೆ.

ರೆಗ್ಯುಲೇಟರ್ ನಂತರದ ಮೂರನೇ ಜಾಯಿಂಟ್ ಸಿಕ್ಕಿಬಿತ್ತು. ಬಿಚ್ಚಿದರೆ ನಟ್ ಒಂದು ಕಂಪನಿಯದು, ಫೆರೂಲ್ (ನಟ್ ಒಳಗೆ ಟ್ಯೂಬನ್ನು ಬಿಗಿಯಾಗಿ ಹಿಡಿಯುವ ಉಂಗುರ) ಇನ್ನೊಂದರದು! ಟ್ಯೂಬಿನ ತುದಿ ಕತ್ತರಿಸಿ, ಒಂದೇ ಕಂಪನಿಯ ಹೊಸ ಸೆಟ್ ಹಾಕಿದೆವು. ಕೈಯಲ್ಲಿ ಬಿಗಿ, ಗುರುತು, ಸ್ಪ್ಯಾನರಿನಲ್ಲಿ ಒಂದೂಕಾಲು ಸುತ್ತು. ಜಾಸ್ತಿ ಬೇಡ. ಮತ್ತೆ ಮಿಶ್ರಣದ ಪರೀಕ್ಷೆ, ಮತ್ತೆ ನೈಟ್ರೋಜನ್, ಆಮೇಲೇ ಹೈಡ್ರೋಜನ್.

ರಾತ್ರಿ ಮಾತ್ರ ಯಾಕೆ? ಚಳಿಗೆ ಹುಡುಗರು ಶಟರ್ ಎಳೆದು, ಛಾವಣಿಯ ಗಾಳಿಕಿಂಡಿಗೆ ಗೋಣಿಚೀಲ ತುರುಕಿದ್ದರು. ಅದನ್ನೂ ಕಿತ್ತೆವು.