ಗುರಿಯ ಪಕ್ಕದಲ್ಲೇ ‘ಕಾರಣ’ಕ್ಕೂ ಒಂದು ಕಾಲಂ

ನಾನು ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ, ಮನೆ ವಿಜಯನಗರ. ಈ ವರ್ಷ ಆಟೊಮೇಷನ್, ಅಂದರೆ ಕೈಯಲ್ಲಿ ಮಾಡುವ ಟೆಸ್ಟ್‌ಗಳನ್ನು ಪ್ರೋಗ್ರಾಂ ಬರೆದು ಕಂಪ್ಯೂಟರ್‌ನಿಂದಲೇ ಮಾಡಿಸುವುದನ್ನು, ಕೈಗೆತ್ತಿಕೊಂಡೆ. ಸುಮ್ನೆ ‘ಆಟೊಮೇಷನ್ ಕಲಿಯಬೇಕು’ ಅಂತ ಬರೆದಿಟ್ಟರೆ ಕಲಿತಾಯ್ತು ಅಂತ ಯಾವತ್ತು ಗೊತ್ತಾಗುತ್ತೆ ಹೇಳಿ? ಅದಕ್ಕೇ ‘ಜೂನ್ ಕೊನೆಯೊಳಗೆ ಪೇಮೆಂಟ್ ಭಾಗದ 40 ಟೆಸ್ಟ್‌ಗಳು ರಾತ್ರಿ ತಾವಾಗಿಯೇ ಓಡಬೇಕು’ ಅಂತ ಬರೆದೆ. ಒಳ್ಳೆಯ ಗುರಿ ಹೇಗಿರಬೇಕು ಅಂತ ಐದು ಅಂಶಗಳಲ್ಲಿ ಹೇಳುವ, 1981ರಲ್ಲಿ ಜಾರ್ಜ್ ಡೊರಾನ್ ಬರೆದ ‘ಸ್ಮಾರ್ಟ್’ ಗುರಿಗಳ ಬಗ್ಗೆ ಆಫೀಸ್ ಟ್ರೈನಿಂಗ್‌ನಲ್ಲಿ ಕೇಳಿರುತ್ತೀರಿ. ಅದರಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡದ್ದು ಎರಡು: ಅಳೆಯಲು ಬರಬೇಕು, ಗಡುವು ಇರಬೇಕು.

ಆದರೆ ಜೂನ್ ದೂರ ಇದೆ, ಇವತ್ತು ನನ್ನ ಕೈಯಲ್ಲಿರುವುದು ಇವತ್ತಿನ ಟೈಮ್ ಅಷ್ಟೇ. ಹಾಗಾಗಿ ದಿನಾ ಅಳೆಯುವುದು ನಿಮಿಷಗಳನ್ನು, ಅಂದರೆ ಫೋನು, ಚಾಟು ಏನೂ ಮುಟ್ಟದೆ ಆ ಕೆಲಸಕ್ಕೇ ಕೂತ ಹೊತ್ತು. ಒಂದು ನೋಟ್‌ಬುಕ್ಕು, ಅದರಲ್ಲಿ ತಾರೀಖು, ಅಂದುಕೊಂಡದ್ದು, ಆದದ್ದು, ಕಾರಣ ಅಂತ ನಾಲ್ಕು ಕಾಲಂ. ಒಂದು ಮಂಗಳವಾರದ ಸಾಲು ಹೀಗಿದೆ: ‘90 ನಿಮಿಷ, 35 ನಿಮಿಷ, ಹತ್ತೂವರೆಗೆ ಮೀಟಿಂಗು, ಆಮೇಲೆ ಮೇಲ್‌ಗಳಿಗೆ ಉತ್ತರ.’

ನನ್ನ ಪ್ರಕಾರ ಆ ಕೊನೆಯ ಕಾಲಮ್ಮೇ ಮುಖ್ಯ. ಬರೀ 35 ಅಂತ ನೋಡಿದರೆ ನಾನು ಸೋಮಾರಿ ಅನ್ನಿಸುತ್ತೆ, ಬೇಜಾರಾಗುತ್ತೆ, ಅಷ್ಟೇ. ಶನಿವಾರ ಕೂತು ವಾರದ ಕಾರಣಗಳನ್ನು ಮಾತ್ರ ಮೇಲಿಂದ ಕೆಳಗೆ ಓದಿದಾಗ ‘ಹತ್ತೂವರೆ ಮೀಟಿಂಗು’ ಮತ್ತೆ ಮತ್ತೆ ಕಾಣಿಸಿತು. ಆ ಪುಟವನ್ನೇ ಮ್ಯಾನೇಜರ್‌ಗೆ ತೋರಿಸಿದೆ, ಮೀಟಿಂಗು ಮಧ್ಯಾಹ್ನಕ್ಕೆ ಹೋಯಿತು. ಬೆಳಿಗ್ಗೆ ಪೂರ್ತಿ ಸಿಕ್ಕಿತು!

ಟೆಸ್ಟ್‌ಗಳನ್ನು ಎಣಿಸುವಾಗ ಇನ್ನೊಂದು ಎಚ್ಚರಿಕೆ ಬೇಕು. ಲೆಕ್ಕ ತುಂಬಲಿ ಅಂತ ಮನಸ್ಸು ಸುಲಭದ್ದರ ಕಡೆಗೇ ವಾಲುತ್ತೆ, ಸಹಜ ಅಲ್ವಾ? ಅಳತೆಯೇ ಗುರಿಯಾದರೆ ಅಳತೆ ಕೆಡುತ್ತದೆ ಅನ್ನುವ ಮಾತಿಗೆ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರೇ ಅಂಟಿಕೊಂಡಿದೆ. ಅದಕ್ಕೇ ನಾನು ಒಂದೊಂದು ಟೆಸ್ಟ್‌ಗೂ ಒಂದೊಂದು ತೂಕ ಕೊಟ್ಟೆ: ಖಾಲಿ ಫಾರ್ಮ್ ಒತ್ತಿದರೆ ತಪ್ಪು ತೋರಿಸುತ್ತಾ ಅನ್ನುವ ಟೆಸ್ಟ್‌ಗೆ 1, ದುಡ್ಡು ಕಟ್ ಆಗಿ ಆರ್ಡರ್ ಆಗದೇ ಇರುವುದನ್ನು ಹಿಡಿಯುವ ಟೆಸ್ಟ್‌ಗೆ 3.

ಮರುದಿನ ಯಾವ ಟೆಸ್ಟ್ ಅಂತ ತೀರ್ಮಾನ ಮಾಡುವುದು ವಾಪಸ್ ಬರುವಾಗ ಮೆಟ್ರೊದಲ್ಲಿ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿ ಶುರುವಾದ ಮೇಲೆ ಎಷ್ಟು ಹೊತ್ತಿಗೆ ಮನೆ ಅಂತ ಮೊದಲೇ ಗೊತ್ತಿರುತ್ತೆ, ಟ್ರಾಫಿಕ್‌ನಲ್ಲಿ ಅದೆಲ್ಲಿ ಸಾಧ್ಯ? ನಿಂತುಕೊಂಡೇ ಫೋನಿನಲ್ಲಿ ಒಂದೇ ಸಾಲು ಬರೆದುಕೊಳ್ಳುತ್ತೇನೆ: ‘ನಾಳೆ, ಲಾಗಿನ್ ಆದ ತಕ್ಷಣ, ರೀಫಂಡ್ ಟೆಸ್ಟ್.’

ಶುಕ್ರವಾರ ನಮ್ಮಲ್ಲಿ ರಿಲೀಸ್, ಅಂದರೆ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಹೊರಬಿಡುವ ದಿನ, ಆವತ್ತಿಗೆ 90 ಯಾವತ್ತೂ ಆಗುವುದಿಲ್ಲ ಅಂತ ಕಾರಣದ ಕಾಲಮ್ಮೇ ಹೇಳುತ್ತಿತ್ತು. ಆ ದಿನದ ಗುರಿಯನ್ನು 30ಕ್ಕೆ ಇಳಿಸಿದ್ದೇನೆ.