ಹೊಲಗಾಲುವೆಯ ಪಾಳಿ: ನೀರಿನ ಸ್ವಾತಂತ್ರ್ಯವನ್ನು ಗಂಟೆಯಲ್ಲಿ ಬರೆದಿಡುವುದು ಹೇಗೆ

ತುಂಗಭದ್ರಾ ಎಡದಂಡೆ ನಾಲೆಯ ಮೇಲ್ಭಾಗ ಗಂಗಾವತಿ ಕಡೆ, ಕೊನೆ ಭಾಗ ಮಾನ್ವಿ, ಸಿರವಾರ, ರಾಯಚೂರು ಕಡೆ. ಮೇಲೆ ಭತ್ತದ ಗದ್ದೆಯಲ್ಲಿ ನೀರು ನಿಂತಿರುವಾಗಲೇ ಕೆಳಗೆ ಹತ್ತಿ, ಜೋಳ ಬಾಡುತ್ತವೆ. 'ನನ್ನ ಹೊಲ, ನನ್ನ ಇಷ್ಟ' ಎನ್ನುವವನ ಸ್ವಾತಂತ್ರ್ಯ ಕೆಳಗಿನವನ ಬಿತ್ತುವ ಸ್ವಾತಂತ್ರ್ಯವನ್ನೇ ತಿನ್ನುತ್ತದೆ. ಇಡೀ ನಾಲೆ ಒಂದು ಊರಿನ ಕೈಯಲ್ಲಿಲ್ಲ, ಆದರೆ ನಾಲೆಯಿಂದ ಹೊಲಗಾಲುವೆಗೆ ನೀರು ಬಿಡುವ ಒಂದು ತೂಬು ಇದೆ. ಅಲ್ಲಿಂದ ಶುರು ಮಾಡಿ: ಆ ತೂಬಿನ ನೀರನ್ನು ಗಂಟೆ ಲೆಕ್ಕದಲ್ಲಿ ಒಬ್ಬರ ನಂತರ ಒಬ್ಬರಿಗೆ ಬಿಡುವ ಸರದಿಯೇ ಪಾಳಿ.

ವಾರಕ್ಕೆ 168 ಗಂಟೆ. ತೂಬಿನ ಕೆಳಗೆ 80 ಎಕರೆ ಇದೆ ಎನ್ನಿ. ನೀರು ಖಾಲಿ ಕಾಲುವೆ ತುಂಬಿಕೊಂಡು ಒಂದು ಹೊಲದ ಮಡೆಯಿಂದ (ಹೊಲಕ್ಕೆ ನೀರು ತಿರುಗಿಸುವ ಬಾಯಿ) ಮುಂದಿನ ಮಡೆಗೆ ಮುಟ್ಟಲು ಹಿಡಿಯುವ ಸಮಯವನ್ನು ಗಡಿಯಾರ ಹಿಡಿದು ಅಳೆಯಿರಿ. ಎಲ್ಲ ಸೇರಿ 10 ಗಂಟೆಯಾದರೆ ಅದನ್ನು ಕಳೆಯಿರಿ. ತೂಬು ಮುಚ್ಚಿದ ಮೇಲೂ ಕಾಲುವೆಯಲ್ಲಿ ಉಳಿದ ನೀರು ಕೊನೆಯ ಹೊಲಕ್ಕೆ 2 ಗಂಟೆ ಹರಿದರೆ ಅದನ್ನು ಕೂಡಿಸಿ. ಉಳಿದದ್ದು 160, ಅಂದರೆ ಎಕರೆಗೆ 2 ಗಂಟೆ. ನಾಲ್ಕು ಎಕರೆಯವನಿಗೆ 8 ಗಂಟೆ, ಜೊತೆಗೆ ತನ್ನ ಮಡೆಗೆ ನೀರು ಮುಟ್ಟುವ ಸಮಯ. ಕೊನೆಯವನ ಲೆಕ್ಕದಿಂದ ಆ 2 ಗಂಟೆ ಕಳೆಯಬೇಕು. ಎಷ್ಟೋ ಪಾಳಿಗಳು ಮುರಿಯುವುದು ಈ ತುಂಬುವ ಸಮಯವನ್ನು ಮರೆತದ್ದರಿಂದ: ಕಾಗದದಲ್ಲಿ ಸಮಪಾಲು ಕಂಡರೂ ದೂರದವನಿಗೆ ಸಿಗುವುದು ಒದ್ದೆ ಕಾಲುವೆ ಮಾತ್ರ.

ಪಾಳಿ ಮೇಲಿಂದ ಕೆಳಕ್ಕೆ ಸಾಗಲಿ. ರಾತ್ರಿಯ ಸರದಿ ಸದಾ ಒಬ್ಬರ ಪಾಲಿಗೇ ಬೀಳದಂತೆ ಪ್ರತಿ ಹಂಗಾಮಿಗೂ ಆರಂಭವನ್ನು 12 ಗಂಟೆ ಮುಂದೂಡಿ. ಉಪಕಾಲುವೆಯಲ್ಲಿ ನೀರು ಕಡಿಮೆ ಬಂದ ವಾರ ಇಬ್ಬರು ಹಂಚಿಕೊಳ್ಳಬೇಡಿ, ಸಣ್ಣ ಧಾರೆ ದಾರಿಯಲ್ಲೇ ಇಂಗುತ್ತದೆ. ಪೂರ್ತಿ ನೀರು ಒಬ್ಬರಿಗೇ ಹೋಗಲಿ.

ತನ್ನ ಸಮಯದಲ್ಲಿ ರೈತ ಪೂರ್ಣ ಸ್ವತಂತ್ರ. ಹತ್ತಿಗೋ ಮೆಣಸಿನಕಾಯಿಗೋ ಬಿಡಲಿ, ನೆರೆಯವನಿಗೆ ಬಿಟ್ಟುಕೊಡಲಿ, ಯಾರೂ ಪ್ರಶ್ನಿಸಬಾರದು. ಬೇಡವಾದ ನೀರನ್ನು ಹಳ್ಳಕ್ಕೆ ಹರಿಸುವುದು ಮಾತ್ರ ಸಲ್ಲದು. ಹೀಗೆ ಬೇಕಾದ್ದಕ್ಕಿಂತ ಹೆಚ್ಚು ಬಿಟ್ಟು ತಗ್ಗಿನಲ್ಲಿ ನಿಂತ ನೀರಿನಿಂದ ಈ ಭಾಗದ ಎಷ್ಟೋ ಕಪ್ಪು ಭೂಮಿ ಉಪ್ಪುಗಟ್ಟಿ ಸವಳಾಗಿದೆ.

ಹೂಳೆತ್ತುವ ಕೆಲಸವನ್ನು ಎಕರೆ ಲೆಕ್ಕದಲ್ಲಿ ಹಂಚಿ. 'ತೂಬಿನಿಂದ ನಿಮ್ಮ ಹೊಲದವರೆಗೆ' ಎಂದರೆ ಕಡಿಮೆ ನೀರು ಪಡೆಯುವ ಕೊನೆಯವನೇ ಹೆಚ್ಚು ಸಲಿಕೆ ಹಿಡಿಯಬೇಕಾಗುತ್ತದೆ.

ಪಾಳಿ ತಪ್ಪಿಸಿ ಮಡೆ ತೆಗೆದವನಿಗೆ ಹಣದ ದಂಡ ಬೇಡ. ದುಡ್ಡಿದ್ದವನು ಅದನ್ನು ನೀರಿನ ಬೆಲೆಯೆಂದು ಕೊಟ್ಟು ಮತ್ತೆ ತೆಗೆಯುತ್ತಾನೆ. ಕದ್ದ ಸಮಯದ ಎರಡರಷ್ಟನ್ನು ಅವನ ಮುಂದಿನ ಸರದಿಯಿಂದ ಕತ್ತರಿಸಿ, ನೀರು ಕಳೆದುಕೊಂಡವನಿಗೇ ಕೊಡಿ. ಈ ನಿಯಮವನ್ನು ಎಲ್ಲರ ಸಹಿಯೊಂದಿಗೆ ಬಿತ್ತನೆಗೂ ಮೊದಲೇ ಬರೆದು, ಒಂದು ಪ್ರತಿಯನ್ನು ನೀರು ಬಳಕೆದಾರರ ಸಹಕಾರ ಸಂಘಕ್ಕೆ ಕೊಡಿ, ಇನ್ನೊಂದನ್ನು ಸರದಿಯಂತೆ ನೀರು ಬಿಡುವ ನೀರುಗಂಟಿಯ ಕೈಯಲ್ಲಿಡಿ.