ಆಟ ಬಿಟ್ಟ ಫುಟ್‌ಬಾಲಿಗ ಕೋಚ್ ಆಗುವ ಬಗೆ

ಚೆನ್ನಾಗಿ ಆಡಿದವರು ಚೆನ್ನಾಗಿ ಆಡಿಸಿಯೂ ತೋರಿಸುತ್ತಾರೆಂಬ ಭರವಸೆಯ ಮೇಲೆ ನೇರವಾಗಿ ದೊಡ್ಡ ತಂಡದ ಹೊಣೆ ಹೊರಬೇಡಿ. ಮೊದಲು ಅನುಭವಿ ಕೋಚ್ ಒಬ್ಬರ ಕೈಕೆಳಗೆ ಸಹಾಯಕರಾಗಿ ದುಡಿಯಿರಿ. ಇಟಲಿಯ ಎಸಿ ಮಿಲಾನ್ ಕ್ಲಬ್ ಪರ 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ ಗೆದ್ದಿದ್ದ ಕಾರ್ಲೊ ಆಂಚೆಲೊಟ್ಟಿ, 1992ರಲ್ಲಿ ಆಟ ನಿಲ್ಲಿಸಿದ ಮೇಲೆ ಇಟಲಿ ತಂಡದಲ್ಲಿ ಕೋಚ್ ಅರಿಗೊ ಸಾಕಿಯವರ ಸಹಾಯಕರಾಗಿ 1994ರ ವಿಶ್ವಕಪ್ ಫೈನಲ್‌ವರೆಗೂ ಕೆಲಸ ಕಲಿತರು. ಕೋಚಿಂಗ್ ಲೈಸೆನ್ಸ್‌ಗಳನ್ನೂ ಈ ಅವಧಿಯಲ್ಲೇ ಒಂದೊಂದಾಗಿ ಪಡೆಯುತ್ತಾ ಹೋಗಿ.

ಮೊದಲ ಸ್ವತಂತ್ರ ಹೊಣೆ ಚಿಕ್ಕ ಕ್ಲಬ್‌ನದ್ದಾಗಿದ್ದರೆ ಒಳ್ಳೆಯದು. ಆಂಚೆಲೊಟ್ಟಿ 1995ರಲ್ಲಿ ಎರಡನೇ ದರ್ಜೆಯ ಲೀಗ್‌ನಲ್ಲಿದ್ದ ರೆಜಾನಾ ಕ್ಲಬ್ಬನ್ನು ಆರಿಸಿಕೊಂಡು, ಒಂದೇ ಋತುವಿನಲ್ಲಿ ಅದನ್ನು ಇಟಲಿಯ ಅಗ್ರ ಲೀಗ್ ಆದ ಸೀರಿ ಎಗೆ ಏರಿಸಿದರು.

ನಿಜವಾದ ಕಷ್ಟವಿರುವುದು ಕಲಿತ ವ್ಯೂಹವನ್ನು, ಅಂದರೆ ಆಟಗಾರರನ್ನು ಅಂಗಳದಲ್ಲಿ ನಿಲ್ಲಿಸುವ ಕ್ರಮವನ್ನು, ಬಿಟ್ಟುಕೊಡುವುದರಲ್ಲಿ. ಪಾರ್ಮಾ ಕ್ಲಬ್‌ನ ಕೋಚ್ ಆಗಿದ್ದಾಗ 4-4-2 ವ್ಯೂಹಕ್ಕೆ (ನಾಲ್ವರು ರಕ್ಷಕರು, ನಾಲ್ವರು ಮಿಡ್‌ಫೀಲ್ಡರ್‌ಗಳು, ಇಬ್ಬರು ಸ್ಟ್ರೈಕರ್‌ಗಳು) ಅಂಟಿಕೊಂಡ ಆಂಚೆಲೊಟ್ಟಿ, ಅದರಲ್ಲಿ ಜಾಗವಿಲ್ಲವೆಂದು ಇಟಲಿಯ ಖ್ಯಾತ ಆಟಗಾರ ರಾಬರ್ಟೊ ಬಾಜೊರಂಥವರನ್ನೇ ಬೇಡವೆಂದರು. ಆಮೇಲೆ ಅದು ತಮ್ಮ ತಪ್ಪೆಂದು ಒಪ್ಪಿಕೊಂಡರು. ಮುಂದೆ ಮಿಲಾನ್‌ನ ಕೋಚ್ ಆದಾಗ ಮಾತ್ರ, ಸ್ಟ್ರೈಕರ್‌ಗಳ ಹಿಂದೆ ಆಡುತ್ತಿದ್ದ ಆಂಡ್ರಿಯಾ ಪಿರ್ಲೊ ಅವರನ್ನು ರಕ್ಷಣಾ ಸಾಲಿನ ಮುಂದಕ್ಕೆ ಇಳಿಸಿ, ಚೆಂಡು ಪಡೆದೊಡನೆ ಇಡೀ ಅಂಗಳ ಕಣ್ಣೆದುರಿಗಿರುವಂತೆ ಮಾಡಿದರು, 2003ರ ಚಾಂಪಿಯನ್ಸ್ ಲೀಗ್ ಗೆದ್ದದ್ದು ಆ ತಂಡವೇ. ಆದ್ದರಿಂದ ಋತು ಆರಂಭವಾಗುವ ಮುನ್ನದ ಅಭ್ಯಾಸ ಪಂದ್ಯಗಳಲ್ಲಿ ಪ್ರತಿಭಾವಂತ ಆಟಗಾರರನ್ನು ಎರಡು ಮೂರು ಜಾಗಗಳಲ್ಲಿ ಆಡಿಸಿ ನೋಡಿ, ಅವರಿಗೆ ಚೆಂಡು ಎಲ್ಲಿ ನಿರಾಳವಾಗಿ ಸಿಗುತ್ತದೆಂಬುದನ್ನು ಗುರುತು ಹಾಕಿಕೊಂಡು, ಆನಂತರವೇ ವ್ಯೂಹವನ್ನು ಬರೆಯಿರಿ.